ಕೈ ಎತ್ತದವರ ಪೆಟ್ಟಿಗೆ

"ಎನಿ ಕ್ವೆಶ್ಚನ್ಸ್?"

ಕಳೆದ ವಾರ ಟೋಕಿಯೋದ ಒಂದು ಸಭಾಂಗಣದಲ್ಲಿ ಇನ್ನೂರು ಜನರ ಮುಂದೆ ನಿಂತು ಹೀಗೆ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಜಪಾನಿ ಭಾಷೆಯಲ್ಲೂ ಕೇಳಿದೆ. ಊಹೂಂ. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿಕೊಂಡು ಮೆಲ್ಲಗೆ ತಲೆಯಾಡಿಸಿದರು. ಅದು ಮೆಚ್ಚುಗೆಯೋ, ತೂಕಡಿಕೆಯೋ? ಈ ದೇಶಕ್ಕೆ ಬಂದು ಎಂಟು ವರ್ಷವಾಯಿತು, ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ.

ಬೆಂಗಳೂರಿನಲ್ಲಾಗಿದ್ದರೆ? ನಾನು ಬಾಯಿ ಮುಚ್ಚುವ ಮೊದಲೇ ಹತ್ತು ಕೈ ಎದ್ದಿರುತ್ತಿದ್ದವು. ಅದರಲ್ಲಿ ಒಂಬತ್ತು ಪ್ರಶ್ನೆಗಳೇ ಅಲ್ಲ, ಭಾಷಣಗಳು. "ಪ್ರಶ್ನೆ ಅಂತಲ್ಲ, ಒಂದು ಸಣ್ಣ ಕಾಮೆಂಟ್" ಎಂದು ಶುರುಮಾಡಿ ಎಲ್ಲರ ಟೀ ಆರಿಹೋಗುವ ತನಕ ಕೊರೆಯುವ ಮಹಾನುಭಾವ ಒಬ್ಬ ಪ್ರತಿ ಸಭೆಯಲ್ಲೂ ಇರುತ್ತಾನೆ. (ಅವನು ಇಲ್ಲವಲ್ಲಾ ಎಂದು ಇಷ್ಟು ಸಂಕಟಪಡುತ್ತೇನೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ.)

ಸಭೆ ಯಾವುದು ಅಂತ ಹೇಳಿಬಿಡುತ್ತೇನೆ. ಆಫೀಸುಗಳಲ್ಲಿ ಜನ ಒಟ್ಟಾಗಿ ಕೆಲಸ ಮಾಡಲು ಬೇಕಾದ ಚಾಟು, ವಿಡಿಯೋ ಮೀಟಿಂಗು ಇತ್ಯಾದಿ ಸಾಫ್ಟ್‌ವೇರ್ ತಯಾರಿಸುವವರ ಸಮ್ಮೇಳನ. ಜನರನ್ನು ಒಬ್ಬರ ಜೊತೆ ಒಬ್ಬರು ಮಾತಾಡಿಸುವುದೇ ನಮ್ಮೆಲ್ಲರ ಕಸುಬು. ಕಾಫಿ ಬ್ರೇಕಿನಲ್ಲಿ ನೋಡಿದರೆ ಪ್ರತಿಯೊಬ್ಬರೂ ಒಂದೊಂದು ಗೋಡೆ ಹಿಡಿದು ನಿಂತು ಫೋನು ತಿಕ್ಕುತ್ತಿದ್ದರು. ನಾನೂ ಅಷ್ಟೇ.

ನಮ್ಮದು ಟೋಕಿಯೋದ ಶಿನಾಗಾವಾದಲ್ಲಿರುವ ಆಫೀಸು, ನಾಲ್ಕು ಜನರ ಟೀಮು. ಎರಡು ವರ್ಷ ಒದ್ದಾಡಿ ನಾವೊಂದು ಪುಟ್ಟ ಟೂಲ್ ಮಾಡಿದ್ದೇವೆ. ಮೀಟಿಂಗಿನಲ್ಲಿ ಕೈ ಎತ್ತಲು ಸಂಕೋಚಪಡುವವರು ತಮ್ಮ ಪ್ರಶ್ನೆಯನ್ನು ಹೆಸರು ಹಾಕದೆ ಫೋನಿನಲ್ಲೇ ಬರೆದು ಹಾಕುವ ಪೆಟ್ಟಿಗೆ ಅದು. ಬೇರೆಯವರ ಪ್ರಶ್ನೆ ಹಿಡಿಸಿದರೆ ಅದಕ್ಕೊಂದು ಹಾರ್ಟ್ ಒತ್ತಬಹುದು. ಈ ಐಡಿಯಾ ನನಗೆ ಹೊಳೆದದ್ದು ಪಕ್ಕದ ಸೀಟಿನ ನಕಾನೋ ಸಾನ್ ಅವರನ್ನು ನೋಡಿ. (ಸಾನ್ ಎಂದರೆ ಇಲ್ಲಿ ಹೆಸರಿನ ಜೊತೆ ಸೇರಿಸುವ ಗೌರವದ ಮಾತು.) ಐವತ್ತು ದಾಟಿದ ಹೆಂಗಸು. ಟೀಮಿನ ಡಿಸೈನರ್. ನಾಲ್ಕು ವರ್ಷದಲ್ಲಿ ಒಂದು ಮೀಟಿಂಗಿನಲ್ಲೂ ತುಟಿ ಪಿಟಕ್ಕೆಂದವರಲ್ಲ. (ನೀನು ಜಾಗ ಬಿಟ್ಟರೆ ತಾನೇ ಅವರು ಮಾತಾಡುವುದು, ಎನ್ನುತ್ತಾರೆ ನಮ್ಮ ಯಜಮಾನರು. ಅವರ ಮಾತು ಬಿಡಿ.)

ಸಮ್ಮೇಳನದ ಹಿಂದಿನ ದಿನ ಬೆಂಗಳೂರಿನಿಂದ ಬಾಸ್ ಗಿರೀಶ್ ಫೋನ್ ಮಾಡಿದರು.

"ನೋಡಿ ವೀಣಾ, ಓಪನ್ನಾಗಿ ಹೇಳ್ತೀನಿ. ಇಲ್ಲಿ ಮೇಲಿನವ್ರಿಗೆ ಈ ಟೂಲ್ ಮೇಲೆ ನಂಬಿಕೆನೇ ಇಲ್ಲ. ಜನ ಇಂಟರೆಸ್ಟ್ ತೋರಿಸ್ಬೇಕು, ಪ್ರಶ್ನೆ ಕೇಳ್ಬೇಕು. ಇಲ್ಲಾಂದ್ರೆ ಮುಂದಿನ ತಿಂಗಳು ಕ್ಲೋಸ್."

ಕ್ಲೋಸ್ ಅಂದರೆ ಟೂಲೂ ಕ್ಲೋಸ್, ಟೀಮೂ ಕ್ಲೋಸ್. ನಕಾನೋ ಸಾನ್ ಇನ್ಯಾವುದೋ ಡಿಪಾರ್ಟ್‌ಮೆಂಟಿಗೆ, ನಾನು ಗಂಟುಮೂಟೆ ಕಟ್ಟಿಕೊಂಡು ಊರಿಗೆ. ರಾತ್ರಿ ನಿದ್ದೆ ಹತ್ತಲಿಲ್ಲ. ಆಗ ನನ್ನ ತಲೆಗೊಂದು ಅತಿಬುದ್ಧಿ ಹೊಳೆಯಿತು.

ಪ್ರಸನ್ನ ಅಂತ ಒಬ್ಬ ಹುಡುಗ, ಮೈಸೂರಿನವನು, ಕ್ಯೋಟೋದಲ್ಲಿ ಪೋಸ್ಟ್‌ಡಾಕ್. ನನಗೆ ತಮ್ಮನ ಹಾಗೆ. ಆ ವಾರ ಟೋಕಿಯೋದಲ್ಲೇ ಇದ್ದ. ಒಂದು ಪ್ರಶ್ನೆ ಬರೆದು ಅವನಿಗೆ ಕಳಿಸಿದೆ. "ಮೊದಲ ಕೈ ನಿಂದು ಎದ್ರೆ ಉಳಿದೋರಿಗೂ ಧೈರ್ಯ ಬರತ್ತೆ. ಇದಿಷ್ಟೇ ಕೇಳು, ಕೇಳಿ ಕೂತ್ಕೋ" ಎಂದೆ. "ಆಯ್ತಕ್ಕಾ, ಟೆನ್ಷನ್ ತಗೋಬೇಡಿ" ಎಂದ.

ಭಾಷಣದ ಆರಂಭದಲ್ಲಿ ಪೆಟ್ಟಿಗೆಯ ಕ್ಯೂಆರ್ ಕೋಡನ್ನು ಪರದೆಯ ಮೇಲೆ ತೋರಿಸಿ, ದಯವಿಟ್ಟು ಬಳಸಿ ನೋಡಿ ಎಂದೆ. ಆಮೇಲೆ ಮಾತಾಡಿದೆ, ಮಾತಾಡಿದೆ. ಕೊಟ್ಟ ಸಮಯ ಇಪ್ಪತ್ತು ನಿಮಿಷ. ಮುಗಿಸಿದಾಗ ಮೂವತ್ತನಾಲ್ಕು ಆಗಿತ್ತು. ಮೌನದ ಬಗ್ಗೆ ಹೇಳುವುದು ಅಷ್ಟೊಂದು ಇತ್ತು ಕಣ್ರೀ, ಏನು ಮಾಡಲಿ?

ಅದಾದ ಮೇಲೇ ಆ ಭಯಾನಕ ನಿಶ್ಶಬ್ದ. ಕೊನೆಗೆ ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಪ್ರಸನ್ನ! ಹೋದ ಜೀವ ಬಂದಂತಾಯಿತು. ಆದರೆ ಮೈಕು ಕೈಗೆ ಸಿಕ್ಕಿದ್ದೇ ತಡ, ಅವನೊಳಗಿನ ಸಂಶೋಧಕ ಎದ್ದು ಕೂತ. ನಾನು ಬರೆದುಕೊಟ್ಟದ್ದನ್ನು ಗಾಳಿಗೆ ತೂರಿ, "ಹೆಸರೇ ಇಲ್ಲದ ಪ್ರಶ್ನೆಗೆ ಜವಾಬ್ದಾರಿ ಯಾರದು?" ಎಂದು ಇಂಗ್ಲಿಷಿನಲ್ಲಿ ಶುರುಹಚ್ಚಿಕೊಂಡ. ನಾನು ಉತ್ತರಿಸಿದೆ. ಅವನು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಯಾವಾಗ ಕನ್ನಡಕ್ಕೆ ಬಂದೆವೋ ದೇವರಿಗೇ ಗೊತ್ತು.

"ಅಲ್ಲಕ್ಕಾ, ನಾನ್ ಹೇಳ್ತಿರೋದು ಅದಲ್ಲ!"

"ಲೋ, ಕೂತ್ಕೊಳೋ ಸಾಕು!"

ಎರಡೂ ಮೈಕಿನಲ್ಲಿ. ಇನ್ನೂರು ತಲೆಗಳು ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ಹೊರಳುತ್ತಿದ್ದವು. ನಿರೂಪಕರು ಬಂದು ಬಾಗಿ ನಮಸ್ಕರಿಸಿ ಊಟದ ವಿರಾಮ ಘೋಷಿಸಿದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಮ್ಮಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ವೇದಿಕೆ ಇಳಿಯುವಾಗ ಅಳು ಬರುವುದೊಂದು ಬಾಕಿ.

ಕೆಳಗೆ ನಕಾನೋ ಸಾನ್ ನಿಂತಿದ್ದರು. ಎರಡೂ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ನನ್ನ ಮುಂದೆ ಚಾಚಿದರು.

"ಸುಮಿಮಾಸೆನ್, ವೀಣಾ ಸಾನ್. ಕ್ಷಮಿಸಿ. ಪೆಟ್ಟಿಗೆ ನೋಡಲೇ ಇಲ್ಲ ನೀವು."

ನೋಡಿದೆ. ಅರವತ್ತಮೂರು ಪ್ರಶ್ನೆ! ನಾನು ಕೈ ಎತ್ತಿ ಕೈ ಎತ್ತಿ ಎಂದು ಗೋಗರೆಯುತ್ತಿದ್ದಾಗ ಅವರೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರು. ಕೈ ಎತ್ತದವರಿಗಾಗಿ ಪೆಟ್ಟಿಗೆ ಮಾಡಿದವಳು, ಆ ಪೆಟ್ಟಿಗೆ ಬಿಟ್ಟು ಕೈ ಎಣಿಸುತ್ತಾ ನಿಂತಿದ್ದೆ. "ಅಯ್ಯೋ ಶಿವನೇ!" ಎಂದು ಕಿರುಚಿಯೇಬಿಟ್ಟೆ. ನಕಾನೋ ಸಾನ್ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ನಿರೂಪಕರು ಆ ಪಟ್ಟಿಯನ್ನು ಲಾಬಿಯ ದೊಡ್ಡ ಟಿವಿಗೆ ಹಾಕಿಸಿದರು. ಬೆಂತೋ ಎಂಬ ಊಟದ ಡಬ್ಬಿ ಹಿಡಿದು ಜನ ಸೇರಿದರು. ನಾನು ಒಂದೊಂದೇ ಓದಿ ಉತ್ತರಿಸಿದೆ. ಏನು ಪ್ರಶ್ನೆಗಳು ಅಂತೀರಿ! ಪ್ರಸನ್ನನ ಪ್ರಶ್ನೆಯೂ ಇತ್ತು, ಅವನಿಗಿಂತ ಹದಿನೈದು ನಿಮಿಷ ಮುಂಚೆಯೇ ಯಾರೋ ಎರಡು ಸಾಲಿನಲ್ಲಿ ಕೇಳಿ ಮುಗಿಸಿದ್ದರು. ಅತಿ ಹೆಚ್ಚು ಹಾರ್ಟ್ ಬಿದ್ದ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ನನ್ನ ಭಾಷಣದ ಇಪ್ಪತ್ತೆರಡನೇ ನಿಮಿಷದಲ್ಲಿ ಬಂದದ್ದು. ಗಟ್ಟಿಯಾಗಿ ಓದಿದೆ:

"ಮಾತನಾಡುತ್ತಿರುವವರಿಗೆ ಇನ್ನು ಮುಗಿಸಿ ಎಂದು ತಿಳಿಸುವ ಬಟನ್ ಇದೆಯೇ? ದಯವಿಟ್ಟು ಕ್ಷಮಿಸಿ."

ಎಲ್ಲರೂ ನನ್ನ ಮುಖವನ್ನೇ ನೋಡಿದರು. ನಾನು ಕಿಸಕ್ಕನೆ ನಕ್ಕೆ. ಅಷ್ಟೇ, ಇಡೀ ಲಾಬಿ ಘೊಳ್ಳೆಂದಿತು! ಕಣ್ಣು ಮುಚ್ಚಿದ್ದ ಆ ಹಿರಿಯರು ಕಣ್ಣೊರೆಸಿಕೊಳ್ಳುತ್ತಾ ಬಂದು ತಮ್ಮ ಕಾರ್ಡು ಕೊಟ್ಟರು. ದೊಡ್ಡದೊಂದು ಕಂಪನಿಯ ಮುಖ್ಯಸ್ಥರಂತೆ. (ಅವರು ನಿದ್ದೆ ಮಾಡಿರಲಿಲ್ಲ. ಒಂದು ಹಾರ್ಟ್ ತಮ್ಮದೂ ಹೌದೆಂದು ಒಪ್ಪಿಕೊಂಡರು.) "ನಮ್ಮ ಆಫೀಸಿನಲ್ಲಿ ಬಳಸಿ ನೋಡುತ್ತೇವೆ. ಆ ಬಟನ್ ಇದ್ದರೆ" ಎಂದರು. ಪ್ರಸನ್ನ ಪಕ್ಕದ ಕೊಂಬಿನಿ ಅಂಗಡಿಗೆ ಓಡಿಹೋಗಿ ತಪ್ಪೊಪ್ಪಿಗೆಗೆಂದು ಐಸ್‌ಕ್ರೀಮ್ ತಂದ. ಅಂಗಡಿಯಿಂದ ಬರುವಷ್ಟರಲ್ಲಿ ತನ್ನದನ್ನು ತಿಂದು ಮುಗಿಸಿದ್ದ.

ಸಂಜೆ ಗಿರೀಶ್ ಫೋನು. "ಎಷ್ಟು ಕೈ ಎದ್ದವು?"

"ಒಂದೇ ಒಂದು. ಅದೂ ನಾನೇ ಎತ್ತಿಸಿದ್ದು" ಎಂದು ಪಟ್ಟಿ ಕಳಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು: "ಕ್ಲೋಸ್ ಮಾಡಲ್ಲ. ಬಟನ್ ಯಾವಾಗ ರೆಡಿ ಆಗತ್ತೆ?" ಮನೆಗೆ ಹೊರಟಿದ್ದ ರೈಲಿನಲ್ಲೇ ಎದ್ದು ಕುಣಿಯಬೇಕೆನಿಸಿತು. ಯಾರೂ ಸದ್ದು ಮಾಡದ ಜಪಾನಿನ ರೈಲು, ಆದ್ದರಿಂದ ಕಾಲ್ಬೆರಳಲ್ಲಿ ಮಾತ್ರ ಕುಣಿದೆ.

ಬಟನ್ ಕೇಳಿದವರು ಯಾರಿರಬಹುದು ಎಂದು ಪಕ್ಕದಲ್ಲಿದ್ದ ನಕಾನೋ ಸಾನ್ ಅವರನ್ನು ವಿಚಾರಿಸಿದೆ. "ಯಾರೋ ಏನೋ" ಎಂದು ಅವರು ಕಿಟಕಿಯತ್ತ ತಿರುಗಿದರು. ಕಿವಿ ಮಾತ್ರ ಕೆಂಪಗಾಗಿತ್ತು.

ಸೋಮವಾರದ ಮೀಟಿಂಗಿನಲ್ಲಿ ನಾನು ಬಾಯಿಗೆ ಬೀಗ ಹಾಕಿ ಕೂತೆ. ಒಂದು ನಿಮಿಷ. ಎರಡು ನಿಮಿಷ. (ಪ್ರಾಣವೇ ಹೋದಂತಾಯಿತು.) ಮೂರನೇ ನಿಮಿಷಕ್ಕೆ ನಕಾನೋ ಸಾನ್ ಗಂಟಲು ಸರಿಮಾಡಿಕೊಂಡು, "ಆ ಬಟನ್ನಿನ ಡಿಸೈನ್ ನನ್ನ ಹತ್ತಿರ ಇದೆ. ಹೋದ ವರ್ಷವೇ ಮಾಡಿಟ್ಟಿದ್ದೆ. ತೋರಿಸಲೇ?" ಎಂದರು.

ಹಾಗಾದರೆ, ನಾಲ್ಕು ಜನ ಎರಡು ವರ್ಷ ಕೂತು ಮಾಡಿದ ಟೂಲಿನ ಕೆಲಸವನ್ನು ನಾನು ಮೂರು ನಿಮಿಷ ಬಾಯಿ ಮುಚ್ಚಿಕೊಂಡೇ ಮಾಡಬಹುದಿತ್ತೇ? (ದಯವಿಟ್ಟು ಗಿರೀಶ್‌ಗೆ ಮಾತ್ರ ಯಾರೂ ಹೇಳಬೇಡಿ.)