ಲಾದ್ರು ಪೊರ್ಬುಗಳಿಗೆ ಬಡವರು ಸಿಗಲಿಲ್ಲ

ವೇಣೂರಿನಿಂದ ಮೂಡುಬಿದಿರೆಗೆ ಬರುವ ದಾರಿಯಲ್ಲಿ, ಗುಡ್ಡೆಯ ಬದಿಗೆ ಲಾಜರಸ್ ಮೊರಾಸರ ಮನೆ. ಇಗರ್ಜಿಯ ಪಾದ್ರಿಗಳಿಗೆ ಮಾತ್ರ ಅವರು ಲಾಜರಸ್; ಊರಿಗೆ ಲಾದ್ರು ಪೊರ್ಬುಗಳು, ಕ್ರಿಸ್ತುವರನ್ನು ಅಲ್ಲಿ ಮರ್ಯಾದೆಗೆ ಕರೆಯುವುದೇ ಹಾಗೆ. ನಾನು ಅಲ್ಲಿಯ ಶಾಲೆಯ ಮಾಸ್ಟ್ರು, ಅವರದೇ ಇಗರ್ಜಿಯವನು. ಪೂಜೆಯ ಹೊತ್ತಿಗೆ ಅವರು ಕಣ್ಣು ಮುಚ್ಚಿದರೆ ಭಕ್ತಿ, ನಾನು ಮುಚ್ಚಿದರೆ ನಿದ್ದೆ. ನಮ್ಮಿಬ್ಬರ ನಡುವೆ ವ್ಯತ್ಯಾಸ ಅಷ್ಟೇ.

ಆ ಗುಡ್ಡೆಯಲ್ಲಿ ಗೇರು ಮರವೂ ಮುಖ ಸಿಂಡರಿಸಿಕೊಂಡೇ ಬೆಳೆಯುತ್ತಿತ್ತು. ಅಂಥಲ್ಲಿ ಲಾದ್ರು ಬಾವಿ ತೋಡಲು ಇಳಿದಾಗ ಊರೇ ನಕ್ಕಿತು. ನಾನಂತೂ ಅದನ್ನು ಮೂರ್ಖತನಕ್ಕೆ ಉದಾಹರಣೆಯಾಗಿ ತರಗತಿಯಲ್ಲೇ ಹೇಳಿಬಿಟ್ಟೆ. ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದ ಅವರ ಹೆಂಡತಿ ನಾತಾಲ್ ಬಾಯಿ ಒಂದು ದಿನ ಹರಕೆ ಹೊತ್ತರು. ನೀರು ಸಿಕ್ಕಿ, ಆ ನೀರಿನಲ್ಲಿ ಬೆಳೆ ಬಂದರೆ, ಅಪೊಸ್ತಲರ ಹೆಸರಿನಲ್ಲಿ ಹನ್ನೆರಡು ಬಡವರಿಗೆ ಹೊಸ ಅಕ್ಕಿಯ ಊಟ. ಅವರು ಉಂಡ ಮೇಲೆಯೇ ಮನೆಯವರ ಬಾಯಿಗೆ ಆ ಅನ್ನ.

ನೀರು ಸಿಕ್ಕಿತು. ಅರುವತ್ತೊಂದರ ಸುಗ್ಗಿಯಲ್ಲಿ ಬೆಳೆಯೂ ಬಂತು, ಅದೂ ಅಂತಿಂಥ ಬೆಳೆಯಲ್ಲ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಗಳು ಚಾವಡಿಯಲ್ಲಿ ಸ್ಥೂಲಕಾಯದ ನೆಂಟರ ಹಾಗೆ ಕೂತುಬಿಟ್ಟವು. ಬಾರದವರು ಬಡವರು ಮಾತ್ರ.

ಲಾದ್ರು ನೇರ ಮನುಷ್ಯ. ಮೊದಲು ನಮ್ಮ ಮನೆಗೇ ಬಂದರು.

“ಮಾಸ್ಟ್ರೇ, ಆದಿತ್ಯವಾರ ಮಧ್ಯಾಹ್ನ ಬರಬೇಕು.”

“ಬಡಿಸಲಿಕ್ಕೆ ಜನ ಕಮ್ಮಿಯಾ?”

“ಅಲ್ಲ, ಉಣ್ಣಲಿಕ್ಕೆ. ಹನ್ನೆರಡರಲ್ಲಿ ಒಬ್ಬರಾಗಿ.”

ನನ್ನ ಸಂಬಳದ ವಿಷಯ ಇಷ್ಟು ದೂರ ಹಬ್ಬಿದೆಯೆಂದು ನನಗೆ ಗೊತ್ತಿರಲಿಲ್ಲ. ಒಳಗೆ ನನ್ನ ಹೆಂಡತಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು. ನಾನು ಗಂಟಲು ಸರಿಮಾಡಿಕೊಂಡು, ಆ ದಿನ ಪುರುಸೊತ್ತಿಲ್ಲ ಎಂದೆ.

ಉಳಿದ ಕಡೆಯೂ ಅದೇ ಕತೆ. ಗದ್ದೆ ಕೆಲಸದ ಹುಕ್ರಪ್ಪ ಕೈಮುಗಿದೇ ಹೇಳಿದ: “ಪೊರ್ಬುಗಳೇ, ಕೆಲಸಕ್ಕೆ ಕರೆದರೆ ಈಗಲೇ ಬರ್ತೇನೆ. ಬಡವ ಅಂತ ಕರೆದರೆ ನಾಳೆ ಅಳಿಯನ ಎದುರು ಹೇಗೆ ತಲೆ ಎತ್ತುವುದು?” ಪಕ್ಕದ ಮನೆಯ ಸೇಸಮ್ಮ ಕೈಮುಗಿಯಲೂ ಇಲ್ಲ: “ಕಳೆದ ವರ್ಷ ಹಂಚು ಹಾಕಿಸಿದ್ದು ಕಾಣುವುದಿಲ್ಲವಾ ನಿಮಗೆ? ನಾನು ಭಿಕ್ಷೆಯವಳಾ?” ಕೊನೆಗೆ ಲಾದ್ರು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿಗೇ ಹೋಗಿ ಅಲ್ಲಿಯ ಭಿಕ್ಷುಕನೊಬ್ಬನನ್ನು ಕೇಳಿದರಂತೆ. ಅವನು, “ಆದಿತ್ಯವಾರ ಬಸದಿಗೆ ಜನ ಬರುವ ದಿನ, ಜಾಗ ಬಿಟ್ಟು ಬರಲಿಕ್ಕಾಗುವುದಿಲ್ಲ ಮಾರಾಯ್ರೆ” ಎಂದನಂತೆ.

ಇತ್ತ ಮನೆಯಲ್ಲಿ ಹಳೆಯ ಅಕ್ಕಿ ಮುಗಿಯಿತು. ನಾತಾಲ್ ಬಾಯಿ ಹೊಸ ಮುಡಿ ಮುಟ್ಟಲು ಬಿಡಲಿಲ್ಲ.

“ಅಂಗಡಿಯಿಂದ ಸ್ವಲ್ಪ ತರಲಾ?” ಎಂದು ಲಾದ್ರು ಕೇಳಿದರು.

“ದೇವರು ಕೊಟ್ಟದ್ದು ಎದುರಿಗೇ ಉಂಟು. ಅದನ್ನಿಟ್ಟುಕೊಂಡು ಅಂಗಡಿಗೆ ಹೋಗುತ್ತೀರಾ? ಮೊದಲು ಹರಕೆ ಸಲ್ಲಲಿ.”

ಹಾಗೆ, ಜನ್ಮದಲ್ಲಿ ಮೊದಲ ಸಲ ಮನೆ ತುಂಬಿದಾಗ, ಆ ಮನೆಯವರು ಮೂರು ಹೊತ್ತೂ ಗೆಣಸು ಬೇಯಿಸಿ ತಿನ್ನತೊಡಗಿದರು. ಮಕ್ಕಳು ಮುಡಿಗಳ ಮೇಲೆ ಕೈಯಾಡಿಸಿ, ಗೆಣಸು ತಿಂದು ಮಲಗುತ್ತಿದ್ದರು.

ಇದನ್ನು ಕಂಡವಳು ಒಣಮೀನು ಮಾರುವ ಬೀಬಿ. “ಅನ್ನವೇ ಇಲ್ಲ, ಮೀನು ಯಾತಕ್ಕೆ ಬೀಬಿ?” ಎಂದು ನಾತಾಲ್ ಬಾಯಿ ಅಂದದ್ದಷ್ಟೇ ಅವಳ ಕಿವಿಗೆ ಬಿತ್ತು. ಬಡವರು ಉಣ್ಣದೆ ಮನೆಯವರು ಉಣ್ಣಲಿಕ್ಕಿಲ್ಲ ಎಂಬ ಹರಕೆಯ ವಿಷಯ ಅವಳಿಗೇನು, ಊರಲ್ಲಿ ಯಾರಿಗೂ ತಿಳಿಯದು. ಬುಟ್ಟಿ ಹೊತ್ತು ಮನೆಮನೆ ತಿರುಗುವವಳ ಬಾಯಲ್ಲಿ ಸುದ್ದಿಗೆ ಎಷ್ಟು ಹೊತ್ತು ಬೇಕು? ಪೊರ್ಬುಗಳ ಮನೆಯಲ್ಲಿ ಅನ್ನಕ್ಕಿಲ್ಲ, ಮುಡಿಗಳೆಲ್ಲ ಜಮೀನಿನ ಧಣಿಗಳ ಗೇಣಿಗೆ ಹೋಗಲಿಕ್ಕಿರಬೇಕು ಎಂದು ಊರೇ ನಂಬಿತು.

ಆದಿತ್ಯವಾರ ಪೂಜೆ ಮುಗಿಸಿ ನಾನು ಅಲ್ಲಿಗೆ ಹೋದೆ. ಹೆಂಡತಿ ಒಂದು ಪಾತ್ರೆ ಸಾರು ಕೊಟ್ಟು ಅಟ್ಟಿದ್ದಳು. ಅಂಗಳದಲ್ಲಿ ಆಗಲೇ ಸೇಸಮ್ಮ ಗಂಜಿಯ ಮಡಕೆ ಹಿಡಿದು ನಿಂತಿದ್ದರು. ಹುಕ್ರಪ್ಪನ ಹೆಗಲ ಬೈರಾಸಿನ ಗಂಟಿನಲ್ಲಿ ಅಕ್ಕಿ. ಹಿಂದೆ ಇನ್ನೂ ಕೆಲವರು. ಜಗಲಿಯಲ್ಲಿ ಲಾದ್ರು ಕೆಂಡವಾಗಿದ್ದರು.

“ನನ್ನನ್ನು ಏನಂತ ತಿಳಿದಿದ್ದೀರಿ ನೀವೆಲ್ಲ? ಗತಿಯಿಲ್ಲದವನಾ ನಾನು?”

“ಹೇಗುಂಟು ಈಗ?” ಎಂದರು ಸೇಸಮ್ಮ. “ನಮಗೂ ಹಾಗೇ ಆದದ್ದು.”

ಅಷ್ಟರಲ್ಲಿ ನಾತಾಲ್ ಬಾಯಿ ಮೆಟ್ಟಿಲಿಳಿದು ಬಂದು ಸೇಸಮ್ಮನ ಕೈಯಿಂದ ಮಡಕೆ ತೆಗೆದುಕೊಂಡು, “ದೇವ್ ಬರೆಂ ಕರುಂ” ಎಂದರು. ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು. ಮಕ್ಕಳಿಗೆ ಅಲ್ಲೇ ಗಂಜಿ ಬಡಿಸಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರಸಿಕೊಂಡು ಹರಕೆಯ ಕತೆ ಪೂರ್ತಿ ಹೇಳಿದರು. “ನಿಮ್ಮ ಗಂಜಿ ನನ್ನ ಮಕ್ಕಳು ಕುಡಿದರು. ಈಗ ಬಡವರು ಯಾರು, ಕೊಡುವವರು ಯಾರು, ನನಗೆ ಗೊತ್ತಾಗುವುದಿಲ್ಲ. ನೀವು ಉಣ್ಣದೆ ಈ ಮುಡಿ ಬಿಚ್ಚಲಿಕ್ಕಿಲ್ಲ. ಕೂತುಕೊಳ್ಳಿ.”

ಹುಕ್ರಪ್ಪನೇ ಮೊದಲು ಚಾವಡಿಗೆ ಹೋಗಿ, ಮುಡಿಯೊಂದನ್ನು ಎತ್ತಿ ತಂದು, ಕತ್ತಿ ಕೊಡಿ ಎಂದ.

ಕುಚ್ಚಲಕ್ಕಿ ಬೇಯುವುದೆಂದರೆ ಹೊತ್ತಿನ ಕೆಲಸ. ಅಷ್ಟು ಹೊತ್ತೂ ಜನ ಅಂಗಳದಲ್ಲೇ ಕೂತು ಬಾವಿಯನ್ನು ಹೊಗಳಿದರು. ಮೊದಲೇ ಹೇಳಿದ್ದೆನಲ್ಲ ಎಂಬಂತೆ ನಾನೂ ಹೊಗಳಿದೆ. ಎಲೆ ಹಾಕಿದಾಗ ನನ್ನ ವೃತ್ತಿಯ ಚಟ ತಡೆಯಲಾರದೆ, “ಹನ್ನೆರಡು ಆಯಿತಾ ಬಾಯಿ?” ಎಂದೆ.

“ಲೆಕ್ಕ ಶಾಲೆಯಲ್ಲಿರಲಿ ಮಾಸ್ಟ್ರೇ. ಅನ್ನ ಹಾಕಲಾ?”

ಎಲ್ಲರೂ ಉಂಡಾಗುವ ಹೊತ್ತಿಗೆ ಬೀಬಿ ಬಂದಳು. ತಾನು ಹೊತ್ತಿಸಿದ್ದು ಏನೆಂದು ತಿಳಿದು ನಾಲಿಗೆ ಕಚ್ಚಿಕೊಂಡವಳು, ಬುಟ್ಟಿಯಿಂದ ಒಂದು ಹಿಡಿ ಒಣಮೀನು ತೆಗೆದು ಒಳಗೆ ಕೊಟ್ಟು, ಮನೆಯವರ ಪಂಕ್ತಿಯಲ್ಲೇ ಕೂತಳು. ಲಾದ್ರುವಿನ ಎದುರು ತಾವೇ ಬೆಳೆದ ಅನ್ನ ಹಬೆಯಾಡುತ್ತಿತ್ತು. ದೊಡ್ಡ ಪ್ರಾರ್ಥನೆಯನ್ನೇ ನಿರೀಕ್ಷಿಸಿ ನಾನು ಕಣ್ಣು ಮುಚ್ಚಿದ್ದೆ.

“ದೇವಾ, ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟಿದ್ದೀ” ಎಂದರು ಲಾದ್ರು. ಪ್ರಾರ್ಥನೆ ಅಷ್ಟೇ.

“ಹೆಚ್ಚಾದದ್ದು ಇತ್ತ ಬರಲಿ ಪೊರ್ಬುಗಳೇ,” ಎಂದಳು ಬೀಬಿ, “ನನ್ನ ಎಲೆ ಖಾಲಿ ಉಂಟು.”

ಲಾದ್ರು ಎದ್ದು, ಕಣ್ಣೊರಸಿಕೊಳ್ಳುತ್ತಲೇ ಬಡಿಸಿದರು.