ಅಜ್ಜಿಯ ಮಂಡಿಯ ಕೆಳಗಿನ ದಿಂಬು

ಅಜ್ಜಿಯ ಮಂಡಿ ಆಪರೇಷನ್ ಕೆಟ್ಟುಹೋಯಿತು ಎಂದು ನಮ್ಮ ನೆಂಟರೆಲ್ಲ ಇಂದಿಗೂ ಹೇಳುತ್ತಾರೆ. ಕೆಟ್ಟಿದ್ದು ಆಪರೇಷನ್ನೇ? ಪುರಾವೆ ಏನು? ಎಲ್ಲರ ಮಾತಿಗೂ ಈ ಪ್ರಶ್ನೆ ಎಸೆಯುತ್ತಿದ್ದ ನಾನು ಈ ಒಂದು ಮಾತನ್ನು ಮಾತ್ರ ತೆಪ್ಪಗೆ ಒಪ್ಪಿಕೊಂಡೆ.

ಆಗ ಚಾಮರಾಜನಗರದಲ್ಲಿ ಡಿಗ್ರಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್‌ಗಳು ಗುಂಡ್ಲುಪೇಟೆಯ ನಮ್ಮ ಮನೆಯ ಟಿವಿ ಮೇಲೆ ಸಾಲಾಗಿದ್ದವು. ಅಜ್ಜಿಗಿದ್ದದ್ದು ಒಂದೇ ಆಸೆ: ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿ ಹಂಗಳದ ತಂಗಿ ಮನೆಗೆ ಹೋಗಿಬರಬೇಕು. ಅದಕ್ಕೆಂದೇ ಮೈಸೂರಿಗೆ ಹೋಗಿ ಬಲಗಾಲಿನ ಮಂಡಿ ಬದಲಾಯಿಸಿಕೊಂಡು ಬಂದಿದ್ದರು.

ದಿನಕ್ಕೆ ಮೂರು ಸಲ ಕಾಲು ಮಡಚಿ ಚಾಚಬೇಕು, ಮಂಡಿಯ ಕೆಳಗೆ ದಿಂಬು ಇಡಬಾರದು ಎಂದು ಆಸ್ಪತ್ರೆಯ ಹಾಳೆಯಲ್ಲಿತ್ತು. ಅಮ್ಮ ಅಜ್ಜಿಯ ಹಿಮ್ಮಡಿ ಹಿಡಿದು ಮಡಚಿಸುತ್ತಿದ್ದರು. ಅಜ್ಜಿ ಕಿರುಚುತ್ತಿದ್ದರು. ರಜೆಗೆ ಬಂದಿದ್ದ ನಾನು ಅಡ್ಡ ನಿಂತೆ.

"ಹೊಲಿಗೆ ಹಾಕಿದ್ ಜಾಗಾನ ಯಾರಾದ್ರೂ ಎಳೀತಾರಾ? ನೋವು ಅಂದ್ರೆ ದೇಹ ಬೇಡ ಅಂತಿದೆ ಅಂತ."

"ಡಾಕ್ಟ್ರು ಏಳವ್ರೆ ಕಣಪ್ಪ," ಎಂದರು ಅಮ್ಮ.

"ಯಾಕೆ ಅಂತ ಹೇಳಿದ್ರಾ?"

ಅಮ್ಮ ಆಸ್ಪತ್ರೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. "ಕಪ್ ಗೆದ್ದೋನ್ ಮುಂದೆ ನಿಂದೇನ್ ನಡೆದದು ಕಣಮ್ಮಿ? ಬುಟ್ಬುಡು."

ದಿಂಬು ತಂದು ಮಂಡಿಯ ಕೆಳಗೆ ಇಟ್ಟವನು ನಾನೇ. "ಈಗ ಆಯಾಗಿ ಅದೆ ಕಣ್ಲಾ ಮಗ," ಎಂದರು ಅಜ್ಜಿ. ವಾದ ಗೆದ್ದಿದ್ದೆ.

ಆ 'ಯಾಕೆ'ಗೆ ಉತ್ತರ ಸಿಕ್ಕಿದ್ದು ಎರಡು ತಿಂಗಳ ನಂತರ, ಡಾಕ್ಟರ ಕೋಣೆಯಲ್ಲಿ. ಸವೆದ ಮೂಳೆಯ ತುದಿಗಳನ್ನು ಕೆತ್ತಿ ಲೋಹದ ಟೋಪಿ ತೊಡಿಸುತ್ತಾರೆ, ನಡುವೆ ಪ್ಲಾಸ್ಟಿಕ್ ತುಂಡು. ಆಪರೇಷನ್ ಅಂದರೆ ಅಷ್ಟೇ. ಸುತ್ತಲಿನ ಸ್ನಾಯು ಹಳೆಯದೇ. ಮೊದಲ ವಾರಗಳಲ್ಲಿ ಅದನ್ನು ಎಳೆದು ಪಳಗಿಸದಿದ್ದರೆ ಇದ್ದ ಹಾಗೇ ಬಿಗಿದುಕೊಳ್ಳುತ್ತದೆ. ಅಜ್ಜಿಯ ಕಾಲು ದಿಂಬಿನ ಮೇಲಿದ್ದ ಹಾಗೆಯೇ ನಿಂತಿತ್ತು. ಪೂರ್ತಿ ನೆಟ್ಟಗಾಗದು, ಮಡಚದು.

"ದಿಂಬು ಇಟ್ಟೋರ್ಯಾರು?" ಡಾಕ್ಟರ ದನಿ ಏರಿತು.

"ನಾನೇ ಸ್ವಾಮಿ. ನೋವು ತಡ್ಕಳಕ್ಕಾಗ್ನಿಲ್ಲ," ಎಂದರು ಅಜ್ಜಿ.

ಅಮ್ಮ ನನ್ನತ್ತ ನೋಡಿದರು. ನಾನು ಗೋಡೆಯ ಮೇಲಿದ್ದ ಮೂಳೆಯ ಚಿತ್ರ ನೋಡುತ್ತಿದ್ದೆ.

ಮುಂದಿನ ವರ್ಷ ಹಂಗಳಕ್ಕೆ ಹೊರಟಾಗ ಅಮ್ಮ ಹಿಂದಿನಿಂದ ನೂಕಿ, ನಾನು ಮೇಲಿನಿಂದ ಎಳೆದು ಅಜ್ಜಿಯನ್ನು ಬಸ್ಸು ಹತ್ತಿಸಿದೆವು. ಬಲಗಾಲು ನಡುದಾರಿಗೆ ಚಾಚಿಕೊಂಡಿತ್ತು.

"ಕಾಲ್ ಒಳಕ್ ಎಳ್ಕಳಜ್ಜಿ," ಎಂದ ಕಂಡಕ್ಟರ್.

"ಬರಕಿಲ್ಲ ಕಣಪ್ಪ, ಕಬ್ಬಿಣ ಅದು. ಬೇಕಾರೆ ನೀನೇ ದಾಟ್ಕಂಡೋಗು."

ಬಸ್ಸೆಲ್ಲ ನಕ್ಕಿತು. ಆ ನಗುವಿನ ಮರೆಯಲ್ಲೇ ಅವರ ಕಿವಿಯ ಹತ್ತಿರ ಬಾಗಿದೆ.

"ಅಜ್ಜಿ, ದಿಂಬು ಇಟ್ಟಿದ್ದು ನಮ್ ಹುಡ್ಗ ಅಂತ ಅವತ್ತು ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ನೀನೇ ಇಟ್ಟೆ ಅನ್ನಕ್ಕೆ ಪುರಾವೆ ಏನ್ಲಾ ಮಗ?" ಎಂದರು ಅಜ್ಜಿ.