ಗುರುಶಾಂತಪ್ಪ ಕಾಕಾನ ಹಸಿರು ಗೆರೆ

ಜೇವರ್ಗಿಯ ಬೇರೆ ಸೌಂಡ್ ಅಂಗಡಿಗಳ ಮುಂದೆ ಹಾಯ್ದರೆ ಎದೆ ನಡುಗುತ್ತಿತ್ತು. ರಿಪೇರಿ ಮಾಡಿದ ಆಂಪ್ಲಿಫೈಯರಿಗೆ ದೊಡ್ಡ ಬಾಕ್ಸ್ ಜೋಡಿಸಿ, ಹಾಡು ಹಚ್ಚಿ, ಓಣಿಗೆಲ್ಲ ಕೇಳಿಸುವುದೇ ಅಲ್ಲಿಯ ಪರೀಕ್ಷೆ. ನಮ್ಮ ಪಕ್ಕದ ಮನೆಯ ಗುರುಶಾಂತಪ್ಪ ಕಾಕಾನ ಅಂಗಡಿಯಲ್ಲಿ ಮಾತ್ರ ಹಾಡಿಲ್ಲ, ಸದ್ದಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಕಾ ಬಾಗಿಲಿಗೆ ಬೆನ್ನು ಮಾಡಿ ಕೂತು, ನಾದವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಗುಂಡು ಪರದೆಯ ಮೇಲೆ ಹರಿಯುವ ಹಸಿರು ಗೆರೆಯನ್ನೇ ನೋಡುತ್ತಿದ್ದರು. ಸಿಗ್ನಲ್ ಜನರೇಟರ್ ಎಂಬ ಡಬ್ಬಿ ಆಂಪ್ಲಿಫೈಯರಿನೊಳಗೆ ಒಂದೇ ಸಮನಾದ ನಾದವನ್ನು ಕಳಿಸುತ್ತಿತ್ತು. ಸ್ಪೀಕರ್ ಇರಬೇಕಾದ ಜಾಗದಲ್ಲಿ ದಪ್ಪ ರೆಸಿಸ್ಟರೊಂದು ಸುಮ್ಮನೆ ಬಿಸಿಯಾಗುತ್ತ ಕೂತಿರುತ್ತಿತ್ತು. ಎಲ್ಲ ಸರಿಯಿದ್ದರೆ ಗೆರೆ ಗುಡ್ಡದ ಸಾಲಿನಂತೆ ನುಣ್ಣಗೆ ಏರಿಳಿಯುವುದು. ಕೆಟ್ಟಿದ್ದರೆ ಗುಡ್ಡದ ತುದಿಯನ್ನು ಯಾರೋ ಕುಡುಗೋಲಿನಿಂದ ಸವರಿದ ಹಾಗೆ ಚಪ್ಪಟೆ.

"ಕಿವಿ ಮುಲಾಜು ನೋಡ್ತದ ತಂಗಿ," ಎನ್ನುತ್ತಿದ್ದರು ನನಗೆ. "ನಮ್ಮವ ಹಾಡಿದ್ರ ಚಲೋ ಕೇಳ್ತದ, ಆಗದವ ಹಾಡಿದ್ರ ಕೆಟ್ಟ ಕೇಳ್ತದ. ಗೆರಿಗಿ ಯಾರ ಮುಲಾಜೂ ಇಲ್ಲ."

ನೆಲೋಗಿಯಿಂದ ಬಂದ ಗಿರಾಕಿಯೊಬ್ಬ, "ಒಮ್ಮೆ ಹಾಡ ಹಚ್ಚಿ ತೋರಿಸ್ರಲಾ" ಎಂದು ಗಂಟುಬಿದ್ದಾಗ ಕಾಕಾ ತಿರುಗಿಯೂ ನೋಡಲಿಲ್ಲ. "ಇದು ದವಾಖಾನಿ ಅದ. ದವಾಖಾನ್ಯಾಗ ಯಾರರ ಕುಣೀತಾರೇನು? ಮನಿಗಿ ಒಯ್ದು ಕುಣಿ" ಎಂದರು. ಆತ ನಗುತ್ತಲೇ ಹೊತ್ತುಕೊಂಡು ಹೋದ. ಕಾಕಾನ ಕೈಯಿಂದ ಹೊರಬಿದ್ದ ಆಂಪ್ಲಿಫೈಯರ್ ಮದುವೆಯ ನಡುವೆ ಕೈಕೊಡುವುದಿಲ್ಲ ಎಂಬ ಭರವಸೆ ಸುತ್ತಲಿನ ಹಳ್ಳಿಗಳಿಗೆಲ್ಲ ಇತ್ತು.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಕೆಲಸ ಮುಗಿಸಿ ಬಂದವಳು ಕಾಕಾನ ಹೆಂಡತಿ ಕಸ್ತೂರಿ ಕಾಕು ಅವರ ಅಡುಗೆಮನೆಯಲ್ಲಿ ಚಹಾ ಕುಡಿದೇ ನನ್ನ ಮನೆಯ ಬೀಗ ತೆಗೆಯುತ್ತಿದ್ದೆ. ಕಾಕು ಆಳಂದ ಕಡೆಯ ಮಟಕಿಯವರು. ರೊಟ್ಟಿ ಬಡಿಯುತ್ತ ಅವರು ಮಾತಾಡತೊಡಗಿದರೆ ತವರಿನ ಹೊಲ, ಬಾವಿ, ಅಕ್ಕನ ಮಕ್ಕಳು ಎಲ್ಲ ಆ ಒಲೆಯ ಮುಂದೆ ಬಂದು ಕೂಡುತ್ತಿದ್ದವು.

ಒಂದು ರವಿವಾರ ನಾನು ಅಂಗಡಿಯಲ್ಲಿ ನಿಂತಿದ್ದೆ. ಅಂದು ಅಪರೂಪಕ್ಕೆ ಕಾಕಾ ಒಂದು ಸಣ್ಣ ಸ್ಪೀಕರನ್ನೇ ಪರೀಕ್ಷೆಗೆ ಇಟ್ಟಿದ್ದರು. ಡಬ್ಬಿಯ ಗುಂಡಿ ತಿರುವುತ್ತಿದ್ದಂತೆ ಸೂಜಿ ಚುಚ್ಚಿದಂಥ ಕೀಚಲು ಸದ್ದು ಎದ್ದಿತು. ನಾನು ಕಿವಿ ಮುಚ್ಚಿಕೊಂಡೆ. ಒಳಗಿನಿಂದ ಕಾಕು ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ರೀ, ಅದನ್ನ ಬಂದ್ ಮಾಡ್ರಿ, ತಲಿ ಸೀಳಾಕತ್ತದ!"

"ಏನ ಬಂದ್ ಮಾಡ್ಲಿ? ಇದರಾಗ ದನೀನ ಇಲ್ಲ. ಸ್ಪೀಕರ್ ಸುಟ್ಟಾದ," ಎಂದರು ಕಾಕಾ.

ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ಪರದೆ ನೋಡಿದರು. ಗೆರೆ ಚೆಂದಾಗಿ ಹರಿಯುತ್ತಿತ್ತು. ಗುಂಡಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರು; ಕೀಚಲು ಇಳಿದು ಸದ್ದು ದಪ್ಪಗಾಗುತ್ತ ಎಲ್ಲೋ ಒಂದು ಕಡೆ, "ಹಾಂ, ಈಗ ಬಂತು" ಎಂದರು. ಮತ್ತೆ ಏರಿಸಿದರು, ಮತ್ತೆ ಇಳಿಸಿದರು. ಚೇಷ್ಟೆ ಮಾಡುತ್ತಿದ್ದಾರೆಂದು ಬೈದುಕೊಳ್ಳುತ್ತ ಕಾಕು ಒಳಗೆ ಹೋದರು. ಕಾಕಾನ ಕೈ ಬಹಳ ಹೊತ್ತು ಗುಂಡಿಯ ಮೇಲೇ ಇತ್ತು.

ನಾನೇ ಅವರನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ಕಿವಿ ಪರೀಕ್ಷೆಯ ಯಂತ್ರ ಕಂಡದ್ದೇ ಕಾಕಾನಿಗೆ ಬಂದ ಕೆಲಸ ಮರೆತುಹೋಯಿತು. "ಇದರ ಕ್ಯಾಲಿಬ್ರೇಷನ್ ಯಾವಾಗ ಮಾಡಿಸೀರಿ?" ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದರು. ಆಕೆ ಬೇಸರಪಟ್ಟುಕೊಳ್ಳದೆ ಯಂತ್ರದ ಬೆನ್ನಿಗೆ ಅಂಟಿಸಿದ, ಅದರ ಅಳತೆ ಸರಿಯಿದೆಯೆಂದು ತಪಾಸಿಸಿದ ತಾರೀಖಿನ ಚೀಟಿ ತೋರಿಸಿದಳು. ಕಾಕಾ ಓದಿ ತಲೆದೂಗಿದರು. ಕಾಗದದ ಮೇಲೆ ಅವರ ಕಿವಿಯ ಗೆರೆ ಎಡದಿಂದ ಬಲಕ್ಕೆ ಕುಸಿಯುತ್ತ ಹೋಗಿತ್ತು. "ಮಷೀನ್ ಸರಿ ಅದ. ಹಂಗಾದ್ರ ಕೆಟ್ಟಿದ್ದು ನಾನ" ಎಂದರು, ಅಷ್ಟೇ.

ಕಿವಿಗೆ ಹಾಕುವ ಯಂತ್ರ ತಂದೆವು. ಕಾಕಾ ಅದನ್ನು ಕಿವಿಗಿಡುವ ಮೊದಲು ಮೇಜಿನ ಮೇಲಿಟ್ಟರು. ಅದಕ್ಕೆ ನಾದ ಕೇಳಿಸಿ, ಅದರಿಂದ ಹೊರಬಂದದ್ದನ್ನು ಮೈಕಿನಿಂದ ಹಿಡಿದು ಪರದೆಗೆ ಕೊಟ್ಟರು. ಗೆರೆ ಸೊಟ್ಟಗಿತ್ತು.

"ನೋಡು ತಂಗಿ, ತುದಿ ಎಲ್ಲಾ ಮುರದಾವ. ಇಂಥಾದ್ದನ್ನ ನಾ ಗಿರಾಕಿಗಿ ಕೊಡಂಗಿಲ್ಲ. ನಾನ ಹ್ಯಾಂಗ ಹಾಕ್ಕೊಳ್ಲಿ?"

"ಮುರದಿದ್ರ ಮುರೀಲಿ. ನನ್ನ ಮಾತರ ಕೇಳ್ತದಲ್ಲ?" ಎಂದರು ಬಾಗಿಲಲ್ಲಿ ನಿಂತ ಕಾಕು. ಅಷ್ಟರಲ್ಲಿ ಕಾಕಾ ಪರದೆಯ ಕಡೆ ತಿರುಗಿಬಿಟ್ಟಿದ್ದರು. ಯಂತ್ರ ಡ್ರಾಯರ್ ಸೇರಿತು.

ಅಲ್ಲಿಂದ ಸುಮಾರು ಎರಡು ವರ್ಷ ಹಾಗೇ ಕಳೆಯಿತು. ಕಾಕಾನ ಕೈಗೆ ಕೆಲಸ ಬರುತ್ತಲೇ ಇತ್ತು; ಗೆರೆ ನೋಡುವುದಕ್ಕೆ ಕಿವಿ ಬೇಕಾಗಿರಲಿಲ್ಲ. ಒಂದು ದಿನ ಮುಂಜಾನೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಕು ಜಾರಿ ಬಿದ್ದರು. ನಾನು ಆಸ್ಪತ್ರೆಯಲ್ಲಿದ್ದೆ. ಕಾಕಾ ಮುಂದಿನ ಕೋಣೆಯಲ್ಲೇ ಇದ್ದರು. ಕಾಕು ಕೂಗಿದರು, ಅತ್ತರು, ತಂಬಿಗೆಯಿಂದ ಕಲ್ಲು ಬಡಿದರು. ಹಸಿವಾಗಿ ಊಟಕ್ಕೆ ಎದ್ದಾಗಲೇ ಕಾಕಾನಿಗೆ ಗೊತ್ತಾದದ್ದು.

ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಆಗಿ ಮನೆಗೆ ಬಂದರೂ ಕಾಕು ಮತ್ತೆ ನೆಟ್ಟಗೆ ನಡೆಯಲಿಲ್ಲ. ಕಾಕಾ ಡ್ರಾಯರಿನಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡರು. ಅಂಗಡಿಯ ಬಾಗಿಲು ಎಳೆದು, ಕುರ್ಚಿಯನ್ನು ಹಾಸಿಗೆಯ ಹತ್ತಿರ ತಂದು ಕೂತರು.

ಒಂದು ಸಂಜೆ ಕಾಕುಗೆ ಇಂಜೆಕ್ಷನ್ ಕೊಡಲು ಹೋಗಿದ್ದೆ. ಮಟಕಿಯ ಅಕ್ಕನ ಮಾತು ಬಂತು. ಆಕೆ ಹಿಂದಿನ ವರ್ಷ ತೀರಿಕೊಂಡಿದ್ದರು.

"ಅಕ್ಕನ್ನ ಕಡೀಕೊಮ್ಮಿ ನೋಡೂದ ಆಗಲಿಲ್ಲ," ಎಂದರು ಕಾಕು. "ಮಣ್ಣಿಗಷ್ಟ ಹೋದೆವು."

"ಆಕಿಗಿ ಅಷ್ಟ ಜಡ್ಡಿತ್ತಂತ ನಂಗ ಯಾಕ ಹೇಳಲಿಲ್ಲ? ನಾ ಕರ್ಕೊಂಡ ಹೋಗ್ತಿದ್ದೆ," ಎಂದರು ಕಾಕಾ.

ಕಾಕು ಗಂಡನ ಮುಖವನ್ನೇ ನೋಡಿದರು. "ಹೇಳಿದ್ನಿ. ಒಮ್ಮಲ್ಲ, ಮೂರ್ನಾಕ ಸಲ ಹೇಳಿದ್ನಿ. ಮಟಕಿಗಿ ಕರ್ಕೊಂಡ ಹೋಗ್ರಿ ಅಂದ್ನಿ. ನೀವು ಹೂಂ ಅಂದ್ರಿ, ಹೊಳ್ಳಿ ಕೆಲಸಕ್ಕ ಕುಂತ್ರಿ."

ಕಾಕಾ ಕಿವಿಯ ಯಂತ್ರವನ್ನು ಮುಟ್ಟಿ ನೋಡಿಕೊಂಡರು.

"ನಿಮಗ ಮನಸ್ಸಿಲ್ಲ ಅಂತ ತಿಳ್ಕೊಂಡೆ," ಎಂದರು ಕಾಕು ಸಣ್ಣ ದನಿಯಲ್ಲಿ. "ಆವತ್ತಿನಿಂದ ನಿಮ್ಮ ಮ್ಯಾಲ ಸಿಟ್ಟ ಇಟ್ಕೊಂಡೀನಿ. ಕೇಳಿಲ್ಲಂತ ನಂಗೇನ ಗೊತ್ತು?"

ಕಾಕಾ ಹೆಂಡತಿಯ ಕೈ ಹಿಡಿದುಕೊಂಡರು. ನಾನು ಸಿರಿಂಜ್ ಎತ್ತಿಕೊಂಡು ಹೊರಗೆ ಬಂದೆ.

ಮಳೆಗಾಲ ಮುಗಿಯುವ ಮುನ್ನ ಕಾಕು ಹೋದರು. ಅಫಜಲಪುರದಲ್ಲಿ ಶಾಲೆಯ ಟೀಚರ್ ಆಗಿದ್ದ ಮಗಳು ಬಂದು ಕಾಕಾನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಸ್ಕೋಪ್, ಜನರೇಟರ್ ಎಲ್ಲವನ್ನೂ ಕಾಕಾ ಒಬ್ಬ ಮೆಕ್ಯಾನಿಕನಿಗೆ ಕೊಟ್ಟುಬಿಟ್ಟರು.

ಸಂಕ್ರಾಂತಿಯ ಮರುದಿನ ಎಳ್ಳು ಬೆಲ್ಲ ಕೊಡಲು ಅಫಜಲಪುರಕ್ಕೆ ಹೋಗಿದ್ದೆ. ಕಾಕಾ ಬಹಳ ಸೊರಗಿದ್ದರು. ಮೊಮ್ಮಗಳು ಏನೋ ಹೇಳಿದರೆ ಮೈ ಮುಂದೆ ಬಾಗಿಸಿ, "ಏನಂದಿ? ಮತ್ತೊಮ್ಮೆ ಹೇಳವ್ವಾ" ಎನ್ನುತ್ತಿದ್ದರು. ಅವಳು ಬೇಸರದಿಂದ ಮತ್ತೆ ಹೇಳುವಳು. ಅರ್ಥವಾಗುವತನಕ ಇವರು ಬಿಡರು.

ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತ, "ಬರ್ತೇನ್ರಿ ಕಾಕಾ, ಯುಗಾದಿಗಿ ಮತ್ತ ಬರ್ತೇನಿ" ಎಂದೆ. ಅವರು ಬಾಗಿಲಿನತನಕ ಬಂದು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಕೇಳಲಿಲ್ಲ ತಂಗಿ. ಏನಂದಿ?"

ಗಟ್ಟಿಯಾಗಿ ಹೇಳಿದೆ.

"ಹಾಂ, ಈಗ ಕೇಳ್ತು," ಎಂದರು. "ಬಾ."

ಯುಗಾದಿಗೆ ನಾನು ಹೋಗುವಷ್ಟರಲ್ಲಿ ಕಾಕಾ ಇರಲಿಲ್ಲ.